ಗ್ರಾಮ ಪಂಚಾಯತಿ ಸಿಬ್ಬಂದಿಯ ನೇಮಕ ಮತ್ತು ದರ್ಜೆಯ ಕಾಲಾನುಕ್ರಮ: ತಂತ್ರಾಂಶದಲ್ಲಿ ದಾಖಲಿಸುವ ಕ್ರಮ ಹಾಗೂ ಸದಸ್ಯರು ಗಮನಿಸಬೇಕಾದ ಅಂಶಗಳು

ಗ್ರಾಮ ಪಂಚಾಯತಿಯಲ್ಲಿ ಸೇವೆ ಸಲ್ಲಿಸುವ ಕರವಸೂಲಿಗಾರ, ಗುಮಾಸ್ತ, ಡಾಟಾ ಎಂಟ್ರಿ ಆಪರೇಟರ್, ನೀರುಗಂಟಿ, ಜವಾನ ಮತ್ತು ಸ್ವಚ್ಛತಾಗಾರರ ಸೇವಾ ವಿವರಗಳು ಹಿಂದೆ ಕಚೇರಿಯ ಬೀರುವಿನಲ್ಲಿದ್ದ ಕಡತಗಳಲ್ಲಿ ಮಾತ್ರ ಇರುತ್ತಿದ್ದವು. ಈಗ ಅವು ಪಂಚತಂತ್ರ ತಂತ್ರಾಂಶದಲ್ಲಿಯೂ ದಾಖಲಾಗಿವೆ. ವೇತನ ಪಾವತಿ, ಜ್ಯೇಷ್ಠತಾ ಪಟ್ಟಿ, ಮುಂಬಡ್ತಿಯ ಪರಿಶೀಲನೆ, ನಿವೃತ್ತಿಯ ಕಾಲದ ಉಪದಾನ ಮುಂತಾದ ವಿಷಯಗಳಲ್ಲಿ ಮೇಲಿನ ಕಚೇರಿಗಳು ಮೊದಲು ನೋಡುವುದು ಗಣಕಯಂತ್ರದಲ್ಲಿರುವ ವಿವರವನ್ನೇ. ಆದ್ದರಿಂದ ಅಲ್ಲಿ ಒಂದು ದಿನಾಂಕ ತಪ್ಪಾದರೆ ಒಬ್ಬ ನೌಕರನ ಹಲವು ವರ್ಷಗಳ ಸೇವೆ ಲೆಕ್ಕಕ್ಕೆ ಸಿಗದೆ ಹೋಗುವ ಸಂಭವವಿದೆ.

ಈ ವಿವರಗಳನ್ನು ನಮೂದಿಸುವ ಕೆಲಸ ಕಚೇರಿ ಸಿಬ್ಬಂದಿಯದು. ಪರಿಶೀಲಿಸಿ ದೃಢೀಕರಿಸುವ ಹೊಣೆ ಪಂಚಾಯತಿ ಅಭಿವೃದ್ಧಿ ಅಧಿಕಾರಿಯದು. ಆದರೆ ನೇಮಕದ ಮೂಲ ಇರುವುದು ಪಂಚಾಯತಿಯ ಸಭಾ ನಿರ್ಣಯದಲ್ಲಿ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 113ನೇ ಪ್ರಕರಣದಂತೆ ಗ್ರಾಮ ಪಂಚಾಯತಿಯು ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರ ಪೂರ್ವಾನುಮೋದನೆ ಪಡೆದು ತನ್ನ ಸಿಬ್ಬಂದಿಯನ್ನು ನೇಮಿಸಿಕೊಳ್ಳುತ್ತದೆ ಮತ್ತು ಪಂಚಾಯತಿ ನಿಧಿಯಿಂದ ವೇತನ ನೀಡುತ್ತದೆ. ನೇಮಿಸುವ ಅಧಿಕಾರ ಪಂಚಾಯತಿಗೆ ಇರುವಾಗ, ನೇಮಕದ ದಾಖಲೆ ಸರಿಯಾಗಿದೆಯೇ ಎಂದು ವಿಚಾರಿಸುವ ಹೊಣೆಯೂ ಸದಸ್ಯರಿಗೆ ಇರುತ್ತದೆ. ಈ ಲೇಖನವು ಆ ದಾಖಲೆಯ ಸ್ವರೂಪವನ್ನು ವಿವರಿಸುತ್ತದೆ. ತಂತ್ರಾಂಶದ ಪರದೆಗಳು ಕಾಲಕಾಲಕ್ಕೆ ಬದಲಾಗುತ್ತವೆ. ಇಲ್ಲಿ ಹೇಳಿರುವ ತತ್ವಗಳು ಬದಲಾಗುವುದಿಲ್ಲ.

1. ಕಾಲಾನುಕ್ರಮ ಎಂದರೇನು

ಒಬ್ಬ ನೌಕರನ ಬಗ್ಗೆ ತಂತ್ರಾಂಶದಲ್ಲಿ ಎರಡು ಬಗೆಯ ವಿವರಗಳಿರುತ್ತವೆ. ಹೆಸರು, ಜನ್ಮ ದಿನಾಂಕ, ತಂದೆತಾಯಿಯ ಹೆಸರು ಮುಂತಾದವು ಸಾಮಾನ್ಯವಾಗಿ ಬದಲಾಗುವುದಿಲ್ಲ. ಹುದ್ದೆ, ದರ್ಜೆ, ನೇಮಕದ ಬಗೆ, ಕೆಲಸ ಮಾಡುವ ಸ್ಥಳ, ವೇತನ ಇವು ಕಾಲದೊಡನೆ ಬದಲಾಗುತ್ತವೆ. ಮೊದಲನೆಯವನ್ನು ಒಂದು ಸಲ ಬರೆದರೆ ಸಾಕು. ಎರಡನೆಯವನ್ನು ಪ್ರತಿ ಬದಲಾವಣೆಗೂ ಒಂದೊಂದು ಸಾಲಿನಂತೆ, ಆರಂಭದ ದಿನಾಂಕ ಮತ್ತು ಮುಕ್ತಾಯದ ದಿನಾಂಕಗಳೊಂದಿಗೆ ಬರೆಯಬೇಕು. ಹೀಗೆ ಒಂದರ ಕೆಳಗೊಂದು ಬರುವ ಸಾಲುಗಳ ಪಟ್ಟಿಯೇ ಕಾಲಾನುಕ್ರಮ.

ಇದು ಹೊಸ ವಿಚಾರವೇನಲ್ಲ. ಸೇವಾ ಪುಸ್ತಕದಲ್ಲಿ ಹಿಂದಿನಿಂದಲೂ ಇದೇ ಪದ್ಧತಿ ಇದೆ. ಬಡ್ತಿ ದೊರೆತಾಗ ಹಳೆಯ ಪುಟವನ್ನು ಯಾರೂ ಹರಿದು ಹಾಕುವುದಿಲ್ಲ. ಹೊಸ ಸಾಲನ್ನು ಬರೆದು ಅಧಿಕಾರಿಯ ಸಹಿ ಪಡೆಯುತ್ತಾರೆ. ಗಣಕಯಂತ್ರದಲ್ಲಿ ಮಾತ್ರ ಹಳೆಯ ಪದವನ್ನು ಅಳಿಸಿ ಹೊಸ ಪದವನ್ನು ಅದೇ ಜಾಗದಲ್ಲಿ ಬರೆಯುವುದು ಸುಲಭ. ‘ನೀರುಗಂಟಿ’ ಎಂಬುದನ್ನು ಅಳಿಸಿ ‘ಕರವಸೂಲಿಗಾರ’ ಎಂದು ಬರೆದ ಕ್ಷಣದಿಂದ, ಆ ವ್ಯಕ್ತಿ ಎಂದೂ ನೀರುಗಂಟಿಯಾಗಿ ಕೆಲಸ ಮಾಡಿರಲಿಲ್ಲವೆಂಬ ಅರ್ಥ ದಾಖಲೆಯಿಂದ ಬರುತ್ತದೆ. ಆದ್ದರಿಂದ ಮೊದಲ ನಿಯಮ ಇದು: ಬದಲಾವಣೆಯಾದಾಗ ಹಳೆಯ ಸಾಲನ್ನು ಮುಕ್ತಾಯಗೊಳಿಸಿ ಹೊಸ ಸಾಲನ್ನು ತೆರೆಯಬೇಕು, ಹಳೆಯದರ ಮೇಲೆ ಬರೆಯಬಾರದು.

2. ನೇಮಕ ಬೇರೆ, ದರ್ಜೆ ಬೇರೆ

ನೇಮಕ ಎಂದರೆ ವ್ಯಕ್ತಿಗೂ ಸಂಸ್ಥೆಗೂ ಇರುವ ಸೇವಾ ಸಂಬಂಧ. ಅದು ದಿನಗೂಲಿಯೇ, ಗುತ್ತಿಗೆಯೇ, ಹೊರಗುತ್ತಿಗೆಯೇ, ಅನುಮೋದಿತ ನೇಮಕವೇ, ಯಾವ ದಿನದಿಂದ ಎಂಬುದನ್ನು ನೇಮಕದ ಸಾಲು ಹೇಳುತ್ತದೆ. ದರ್ಜೆ ಎಂದರೆ ಆ ಸಂಬಂಧದೊಳಗೆ ವ್ಯಕ್ತಿಗೆ ಇರುವ ಸ್ಥಾನ. ನೇಮಕ ಮುಂದುವರಿಯುತ್ತಿರುವಾಗಲೇ ದರ್ಜೆ ಬದಲಾಗಬಹುದು. ದರ್ಜೆ ಹಾಗೆಯೇ ಇರುವಾಗ ನೇಮಕದ ಬಗೆ ಬದಲಾಗಬಹುದು.

ವಿಶ್ವವಿದ್ಯಾಲಯಗಳ ಬೋಧಕ ವರ್ಗದ ದಾಖಲೆಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರು ವೇತನ ಶ್ರೇಣಿಯ 10ನೇ ಹಂತದಿಂದ ಸೇವೆ ಆರಂಭಿಸುತ್ತಾರೆ. 11ನೇ ಹಂತಕ್ಕೆ ಪರಿಗಣಿಸಲ್ಪಡಲು ಪಿಎಚ್.ಡಿ. ಪದವಿ ಇದ್ದವರಿಗೆ 4 ವರ್ಷ, ಎಂ.ಫಿಲ್. ಇದ್ದವರಿಗೆ 5 ವರ್ಷ, ಎರಡೂ ಇಲ್ಲದವರಿಗೆ 6 ವರ್ಷದ ಸೇವೆ ಅಗತ್ಯ. 11ನೇ ಹಂತಕ್ಕೆ ಹೋದ ಮೇಲೂ ಅವರ ಪದನಾಮ ಸಹಾಯಕ ಪ್ರಾಧ್ಯಾಪಕರೆಂದೇ ಉಳಿಯುತ್ತದೆ. ಸಹ ಪ್ರಾಧ್ಯಾಪಕರೆಂಬ ಪದನಾಮ ಬರುವುದು ಅದಕ್ಕಿಂತ ಮೇಲಿನ 13ಎ ಹಂತದಲ್ಲಿ. ಹೀಗೆ ಒಂದೇ ನೇಮಕದೊಳಗೆ ವೇತನದ ಹಂತಗಳು ಒಂದು ಗತಿಯಲ್ಲಿ, ಪದನಾಮ ಇನ್ನೊಂದು ಗತಿಯಲ್ಲಿ ಸಾಗುತ್ತವೆ. ಎಲ್ಲವನ್ನೂ ಒಂದೇ ಅಂಕಣದಲ್ಲಿ ತುಂಬಿದರೆ ಯಾವ ದಿನ ಯಾರು ಅರ್ಹರಾದರು ಎಂಬುದನ್ನು ತಂತ್ರಾಂಶ ಹೇಳಲಾರದು. ಅದಕ್ಕಾಗಿಯೇ ಅಂತಹ ತಂತ್ರಾಂಶಗಳಲ್ಲಿ ನೇಮಕಕ್ಕೊಂದು, ದರ್ಜೆಗೊಂದು ಪ್ರತ್ಯೇಕ ಕಾಲಾನುಕ್ರಮ ಇರುವುದು ಒಳ್ಳೆಯದು.

ಗ್ರಾಮ ಪಂಚಾಯತಿಯ ಸಿಬ್ಬಂದಿ ಸಂಖ್ಯೆ ಚಿಕ್ಕದಾದರೂ ಅಗತ್ಯ ಇದೇ ಆಗಿದೆ. ಅನುಮೋದಿತ ಕರವಸೂಲಿಗಾರರು ಮತ್ತು ಗುಮಾಸ್ತರು ನಿಯಮಾನುಸಾರ ಗ್ರೇಡ್-2 ಕಾರ್ಯದರ್ಶಿ ಹಾಗೂ ದ್ವಿತೀಯ ದರ್ಜೆ ಲೆಕ್ಕ ಸಹಾಯಕ ಹುದ್ದೆಗಳಿಗೆ ಪರಿಗಣಿಸಲ್ಪಡುವುದು ಜ್ಯೇಷ್ಠತೆಯ ಆಧಾರದ ಮೇಲೆ. ಜಿಲ್ಲೆಯ ಎಲ್ಲ ಪಂಚಾಯತಿಗಳ ನೌಕರರು ಒಂದೇ ಪಟ್ಟಿಯಲ್ಲಿ ಬರುವಾಗ, ಒಂದು ವಾರದ ಅಂತರವೂ ಹಲವು ಸ್ಥಾನಗಳ ಅಂತರವಾಗಬಹುದು.

3. ಒಂದು ಬದಲಾವಣೆಗೆ ನಾಲ್ಕು ದಿನಾಂಕಗಳು

ಬಹುತೇಕ ತಪ್ಪುಗಳು ಹುಟ್ಟುವುದು ದಿನಾಂಕಗಳ ಗೊಂದಲದಿಂದ. ಪ್ರತಿಯೊಂದು ನೇಮಕ ಅಥವಾ ಬಡ್ತಿಗೆ ನಾಲ್ಕು ದಿನಾಂಕಗಳಿರುತ್ತವೆ.

(ಅ) ನಿರ್ಣಯದ ದಿನಾಂಕ: ಪಂಚಾಯತಿ ಸಭೆಯು ವಿಷಯವನ್ನು ಅಂಗೀಕರಿಸಿದ ದಿನ.

(ಆ) ಆದೇಶದ ದಿನಾಂಕ: ಸಕ್ಷಮ ಪ್ರಾಧಿಕಾರವು ಅನುಮೋದನೆ ಅಥವಾ ನೇಮಕಾತಿ ಆದೇಶ ಹೊರಡಿಸಿದ ದಿನ.

(ಇ) ಜಾರಿಯ ದಿನಾಂಕ: ನೌಕರನು ಆದೇಶದಂತೆ ಕರ್ತವ್ಯಕ್ಕೆ ಹಾಜರಾದ ದಿನ, ಅಥವಾ ಆದೇಶದಲ್ಲಿಯೇ ಇಂತಹ ದಿನದಿಂದ ಎಂದು ನಿರ್ದಿಷ್ಟವಾಗಿ ಹೇಳಿದ್ದರೆ ಆ ದಿನ.

(ಈ) ನಮೂದಿನ ದಿನಾಂಕ: ವಿವರವನ್ನು ತಂತ್ರಾಂಶಕ್ಕೆ ಅಳವಡಿಸಿದ ದಿನ.

ಇವುಗಳಲ್ಲಿ ಕಾಲಾನುಕ್ರಮದ ಆರಂಭದ ದಿನಾಂಕವಾಗಬೇಕಾದದ್ದು ಜಾರಿಯ ದಿನಾಂಕ. ನಿರ್ಣಯ ಮತ್ತು ಆದೇಶದ ದಿನಾಂಕಗಳನ್ನು ಅವುಗಳ ಸಂಖ್ಯೆಯೊಂದಿಗೆ ಆಧಾರವಾಗಿ ಬರೆಯಬೇಕು. ನಮೂದಿನ ದಿನಾಂಕವು ಗಣಕಯಂತ್ರದ ಲೆಕ್ಕಕ್ಕೆ ಸೇರಿದ್ದು; ನೌಕರನ ಸೇವೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಹಾಜರಾದದ್ದು ಪೂರ್ವಾಹ್ನವೋ ಅಪರಾಹ್ನವೋ ಎಂಬುದೂ ವರದಿಯಲ್ಲಿರಬೇಕು. ಜನ್ಮ ದಿನಾಂಕದ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ರಾಜ್ಯ ಸರ್ಕಾರಿ ನೌಕರರು 60 ವರ್ಷ ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ತಿಂಗಳ 1ನೇ ತಾರೀಖಿನಂದು ಹುಟ್ಟಿದವರಾದರೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಜನ್ಮ ದಿನಾಂಕ ತಿಳಿಯದಿದ್ದಾಗ ಕೈಗೆ ಸುಲಭವಾದ ‘ಜೂನ್ 1’ ಎಂದು ಬರೆಯುವ ಹಳೆಯ ರೂಢಿ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಈ ನಿಯಮದಿಂದ ಊಹಿಸಬಹುದು.

4. ಒಂದು ಉದಾಹರಣೆ

ತಿಳಿವಳಿಕೆಗಾಗಿ ಕಲ್ಪಿಸಿಕೊಂಡ ಒಂದು ಪ್ರಕರಣವನ್ನು ನೋಡಬಹುದು. ಒಬ್ಬ ವ್ಯಕ್ತಿ 12-06-2006ರಂದು ಪಂಚಾಯತಿಯ ನಿರ್ಣಯದಂತೆ ದಿನಗೂಲಿ ನೀರುಗಂಟಿಯಾಗಿ ಸೇರುತ್ತಾನೆ. ಆ ಹುದ್ದೆಗೆ 03-08-2011ರಂದು ಅನುಮೋದನೆಯ ಆದೇಶ ಬರುತ್ತದೆ. 08-08-2011ರ ಪೂರ್ವಾಹ್ನ ಆತ ಆದೇಶದಂತೆ ಹಾಜರಾಗುತ್ತಾನೆ. ಮುಂದೆ ಕರವಸೂಲಿಗಾರನ ಹುದ್ದೆ ತೆರವಾದಾಗ ವಿದ್ಯಾರ್ಹತೆ ಇದ್ದ ಕಾರಣ 21-11-2016ರ ಆದೇಶದಂತೆ ಆ ಹುದ್ದೆ ಪಡೆದು, 24-11-2016ರಂದು ಕಾರ್ಯಭಾರ ವಹಿಸಿಕೊಳ್ಳುತ್ತಾನೆ. 2019ರ ಮಾರ್ಚ್ 1ರಿಂದ ಜೂನ್ 30ರವರೆಗೆ ಗುಮಾಸ್ತರು ರಜೆಯಲ್ಲಿದ್ದುದರಿಂದ ಅವರ ಕೆಲಸವನ್ನೂ ಪ್ರಭಾರವಾಗಿ ನಿರ್ವಹಿಸುತ್ತಾನೆ.

ಕಚೇರಿಯಲ್ಲಿ ಇವನ ವಿವರ ತಂತ್ರಾಂಶಕ್ಕೆ ಬಂದದ್ದು 05-01-2018ರಂದು. ಅವಸರದಲ್ಲಿ ‘ಹುದ್ದೆ: ಕರವಸೂಲಿಗಾರ, ನೇಮಕದ ದಿನಾಂಕ: 05-01-2018’ ಎಂದು ಒಂದೇ ಸಾಲು ಬರೆಯಲಾಗುತ್ತದೆ. ವೇತನ ತಪ್ಪದೆ ಬರುತ್ತಿರುವುದರಿಂದ ಯಾರ ಗಮನಕ್ಕೂ ಇದು ಬರುವುದಿಲ್ಲ.

31-12-2024ಕ್ಕೆ ಜ್ಯೇಷ್ಠತಾ ಪಟ್ಟಿ ಸಿದ್ಧವಾಗುತ್ತದೆಂದು ಭಾವಿಸೋಣ. ತಂತ್ರಾಂಶದ ಲೆಕ್ಕದಲ್ಲಿ ಆತನ ಸೇವೆ 6 ವರ್ಷ 11 ತಿಂಗಳು 27 ದಿನ. ಕರವಸೂಲಿಗಾರನಾಗಿ ಅವನ ನಿಜವಾದ ಸೇವೆ 8 ವರ್ಷ 1 ತಿಂಗಳು 8 ದಿನ. ಅನುಮೋದಿತ ನೌಕರನಾಗಿ 13 ವರ್ಷ 4 ತಿಂಗಳು 24 ದಿನ. ದಿನಗೂಲಿಯ ಅವಧಿಯನ್ನೂ ಸೇರಿಸಿದರೆ ಪಂಚಾಯತಿಯೊಡನೆ ಅವನ ಸಂಬಂಧ 18 ವರ್ಷ 6 ತಿಂಗಳು 20 ದಿನಗಳದು. ಈ ನಾಲ್ಕರಲ್ಲಿ ಯಾವುದು ಯಾವ ಉದ್ದೇಶಕ್ಕೆ ಸಲ್ಲುತ್ತದೆ ಎಂಬುದನ್ನು ನಿಯಮಗಳೂ ಸಕ್ಷಮ ಪ್ರಾಧಿಕಾರವೂ ತೀರ್ಮಾನಿಸುತ್ತವೆ. ಆದರೆ ದಾಖಲೆಯಲ್ಲಿ ಒಂದೇ ಸಾಲು ಇದ್ದರೆ ತೀರ್ಮಾನಿಸಲು ಏನೂ ಉಳಿಯುವುದಿಲ್ಲ; ತಪ್ಪು ಸಂಖ್ಯೆಯೇ ಉತ್ತರವಾಗಿಬಿಡುತ್ತದೆ.

ಇದೇ ಪ್ರಕರಣವನ್ನು ಸರಿಯಾಗಿ ದಾಖಲಿಸಿದರೆ ಸಾಲುಗಳು ಹೀಗಿರುತ್ತವೆ.

ನೇಮಕದ ಕಾಲಾನುಕ್ರಮ:
ಸಾಲು 1: ದಿನಗೂಲಿ, 12-06-2006ರಿಂದ 07-08-2011ರವರೆಗೆ, ಆಧಾರ: ಪಂಚಾಯತಿ ನಿರ್ಣಯ.
ಸಾಲು 2: ಅನುಮೋದಿತ ನೇಮಕ, 08-08-2011ರಿಂದ ಮುಂದುವರಿದಿದೆ, ಆಧಾರ: 03-08-2011ರ ಆದೇಶ ಮತ್ತು ಹಾಜರಾತಿ ವರದಿ.

ಹುದ್ದೆ ಮತ್ತು ದರ್ಜೆಯ ಕಾಲಾನುಕ್ರಮ:
ಸಾಲು 1: ನೀರುಗಂಟಿ, 12-06-2006ರಿಂದ 23-11-2016ರವರೆಗೆ.
ಸಾಲು 2: ಕರವಸೂಲಿಗಾರ, 24-11-2016ರಿಂದ ಮುಂದುವರಿದಿದೆ, ಆಧಾರ: 21-11-2016ರ ಆದೇಶ ಮತ್ತು ಕಾರ್ಯಭಾರ ವರದಿ.

ಹೆಚ್ಚುವರಿ ಕರ್ತವ್ಯ:
ಗುಮಾಸ್ತರ ಪ್ರಭಾರ, 01-03-2019ರಿಂದ 30-06-2019ರವರೆಗೆ.

2011ರಲ್ಲಿ ನೇಮಕದ ಬಗೆ ಬದಲಾಯಿತು, ಹುದ್ದೆ ಬದಲಾಗಲಿಲ್ಲ. 2016ರಲ್ಲಿ ಹುದ್ದೆ ಬದಲಾಯಿತು, ನೇಮಕ ಮುಂದುವರಿಯಿತು. 2019ರಲ್ಲಿ ಎರಡೂ ಬದಲಾಗಲಿಲ್ಲ. ಕೆಲಸ ಮಾತ್ರ ಹೆಚ್ಚಾಯಿತು. ಈ ಮೂರು ಸಂಗತಿಗಳನ್ನು ಮೂರಾಗಿಯೇ ಇಟ್ಟಾಗ ದಾಖಲೆ ಸತ್ಯವನ್ನು ಹೇಳುತ್ತದೆ.

5. ದಿನಗೂಲಿಯ ಅವಧಿಯನ್ನು ಏಕೆ ಬಿಡಬಾರದು

ಅನುಮೋದನೆಗೆ ಮುಂಚಿನ ದಿನಗೂಲಿ ಸೇವೆ ಜ್ಯೇಷ್ಠತೆಗೆ ಸಲ್ಲದಿರಬಹುದೆಂಬ ಕಾರಣದಿಂದ ಅದನ್ನು ದಾಖಲಿಸದೆ ಬಿಡುವ ಪದ್ಧತಿ ಕೆಲವೆಡೆ ಇದೆ. ಇದು ಸರಿಯಲ್ಲ. ಕರ್ನಾಟಕ ರಾಜ್ಯ ಮತ್ತು ಉಮಾದೇವಿ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 10-04-2006ರಂದು ನೀಡಿದ ತೀರ್ಪನ್ನು ಇಲ್ಲಿ ನೆನೆಯಬಹುದು. ವಿಧಿಬದ್ಧ ನೇಮಕ ಪ್ರಕ್ರಿಯೆಯ ಹೊರಗೆ ಬಂದ ದಿನಗೂಲಿ ಹಾಗೂ ತಾತ್ಕಾಲಿಕ ನೌಕರರಿಗೆ, ದೀರ್ಘಕಾಲ ದುಡಿದ ಮಾತ್ರಕ್ಕೆ ಖಾಯಮಾತಿಯ ಹಕ್ಕು ಹುಟ್ಟುವುದಿಲ್ಲವೆಂದು ಪೀಠ ಹೇಳಿತು. ಅದರೊಡನೆ, ಮಂಜೂರಾದ ಹುದ್ದೆಯಲ್ಲಿ ನಿಗದಿತ ಅರ್ಹತೆಯೊಂದಿಗೆ, ನ್ಯಾಯಾಲಯಗಳ ಆದೇಶದ ರಕ್ಷಣೆಯಿಲ್ಲದೆ 10 ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ದುಡಿದವರನ್ನು ಒಂದು ಬಾರಿಯ ಕ್ರಮವಾಗಿ ಪರಿಗಣಿಸುವಂತೆಯೂ ಸೂಚಿಸಿತು.

ಈ ತೀರ್ಪಿನ ಎರಡೂ ಭಾಗಗಳು ದಾಖಲೆಯನ್ನು ಅವಲಂಬಿಸಿವೆ. ಯಾವ ದಿನದಿಂದ, ಯಾವ ಬಗೆಯ ನೇಮಕದಲ್ಲಿ, ಹುದ್ದೆ ಮಂಜೂರಾಗಿತ್ತೇ ಎಂಬ ಪ್ರಶ್ನೆಗಳಿಗೆ ಉತ್ತರ ಇರುವ ನೌಕರನು ಮಾತ್ರ ತನ್ನ ವಾದವನ್ನು ಮುಂದಿಡಬಲ್ಲ. ಉತ್ತರ ಇರುವ ಪಂಚಾಯತಿ ಮಾತ್ರ ಸುಳ್ಳು ಹಕ್ಕೊತ್ತಾಯವನ್ನು ಎದುರಿಸಬಲ್ಲದು. ಆದ್ದರಿಂದ ಸೇವೆ ಯಾವುದಕ್ಕೆ ಸಲ್ಲುತ್ತದೆ ಎಂಬ ತೀರ್ಮಾನವನ್ನು ನಮೂದಿಸುವವರು ತಾವೇ ಮಾಡಬಾರದು. ನಡೆದದ್ದನ್ನು ನಡೆದಂತೆ, ಅದರ ಬಗೆಯನ್ನು ಸ್ಪಷ್ಟವಾಗಿ ಹೇಳಿ ಬರೆಯಬೇಕು.

6. ಅಳವಡಿಸುವ ಕ್ರಮ

ಹೊಸದಾಗಿ ವಿವರ ಅಳವಡಿಸುವಾಗಲೂ, ಇರುವ ವಿವರವನ್ನು ಪರಿಶೀಲಿಸುವಾಗಲೂ ಈ ಕ್ರಮ ಅನುಕೂಲಕರ.

ಒಂದು: ಮೊದಲು ಕಾಗದ, ನಂತರ ಗಣಕಯಂತ್ರ. ನಡವಳಿ ಪುಸ್ತಕ, ಅನುಮೋದನೆ ಆದೇಶ, ಹಾಜರಾತಿ ವರದಿ, ಹಳೆಯ ವೇತನ ಬಟವಾಡೆ ವಹಿ, ಶಾಲಾ ದಾಖಲಾತಿ ಇವನ್ನು ಒಟ್ಟುಗೂಡಿಸಿ ನೌಕರನ ಸೇವೆಯನ್ನು ಒಂದು ಹಾಳೆಯಲ್ಲಿ ದಿನಾಂಕದ ಕ್ರಮದಲ್ಲಿ ಬರೆಯಬೇಕು.

ಎರಡು: ಆ ಹಾಳೆಯನ್ನು ನೌಕರನಿಗೆ ಓದಿ ಹೇಳಿ ಸಹಿ ಪಡೆಯಬೇಕು. ತನ್ನ ಸೇವೆಯ ಬಗ್ಗೆ ಅವನಿಗಿಂತ ಹೆಚ್ಚು ಬಲ್ಲವರು ಇರಲಾರರು. ಓದಲು ಬಾರದ ಸ್ವಚ್ಛತಾಗಾರರ ವಿಷಯದಲ್ಲಿ ಇದು ಇನ್ನೂ ಮುಖ್ಯ.

ಮೂರು: ಅತ್ಯಂತ ಹಳೆಯ ಸಾಲಿನಿಂದ ಆರಂಭಿಸಿ ಇಂದಿನವರೆಗೆ ನಮೂದಿಸಬೇಕು. ಪ್ರತಿ ಸಾಲಿಗೂ ಆದೇಶದ ಸಂಖ್ಯೆ ಮತ್ತು ದಿನಾಂಕ ಬರೆದು, ಅವಕಾಶವಿದ್ದಲ್ಲಿ ಪ್ರತಿಯನ್ನು ಸ್ಕ್ಯಾನ್ ಮಾಡಿ ಸೇರಿಸಬೇಕು.

ನಾಲ್ಕು: ಒಂದು ಸಾಲು ಮುಗಿದ ಮರುದಿನವೇ ಮುಂದಿನ ಸಾಲು ಆರಂಭವಾಗಬೇಕು. ನಡುವೆ ಸೇವೆ ನಿಜವಾಗಿ ನಿಂತಿದ್ದರೆ ಅದನ್ನು ಖಾಲಿ ಬಿಡದೆ, ‘ಸೇವೆಯಲ್ಲಿ ವಿರಾಮ’, ‘ಅಮಾನತು’ ಅಥವಾ ‘ವೇತನರಹಿತ ರಜೆ’ ಎಂದು ಕಾರಣಸಹಿತ ಬರೆಯಬೇಕು. ಖಾಲಿ ಬಿಟ್ಟ ಜಾಗವನ್ನು ಮುಂದೆ ಯಾರು ಬೇಕಾದರೂ ತಮಗೆ ತೋಚಿದಂತೆ ಅರ್ಥೈಸುತ್ತಾರೆ.

ಐದು: ಚಾಲ್ತಿಯಲ್ಲಿರುವ ಸಾಲಿಗೆ ಮುಕ್ತಾಯದ ದಿನಾಂಕ ಹಾಕಬಾರದು. ಗುತ್ತಿಗೆ ನೇಮಕಕ್ಕೆ ಮಾತ್ರ ಆದೇಶದಲ್ಲಿರುವ ಮುಕ್ತಾಯದ ದಿನಾಂಕವನ್ನು ಬರೆದು, ನವೀಕರಣವಾದಾಗ ಹೊಸ ಸಾಲು ತೆರೆಯಬೇಕು.

ಆರು: ನಮೂದಿಸಿದವರು ಒಬ್ಬರು, ಪರಿಶೀಲಿಸಿ ದೃಢೀಕರಿಸುವವರು ಇನ್ನೊಬ್ಬರು ಆಗಿರಬೇಕು. ಅಧಿಕಾರಿಯ ಗುಪ್ತಪದವನ್ನು ಇತರರು ಬಳಸುವ ಪದ್ಧತಿ ಇದ್ದಲ್ಲಿ ಈ ಪರಿಶೀಲನೆಗೆ ಅರ್ಥವೇ ಉಳಿಯುವುದಿಲ್ಲ.

7. ವಿಶೇಷ ಗಮನ ಬೇಕಾದ ಸಂದರ್ಭಗಳು

ಪಂಚಾಯತಿ ಪುನರ್ವಿಂಗಡಣೆ: 2015ರ ಪುನರ್ವಿಂಗಡಣೆಯಲ್ಲಿ ಹೊಸ ಗ್ರಾಮ ಪಂಚಾಯತಿಗಳು ರಚನೆಯಾದಾಗ ಸಿಬ್ಬಂದಿಯೂ ಹಂಚಿಕೆಯಾದರು. ಹೀಗೆ ಬಂದ ನೌಕರನ ಸೇವೆ ಹೊಸ ಪಂಚಾಯತಿ ಆರಂಭವಾದ ದಿನದಿಂದ ಎಂದು ಬರೆಯುವುದು ತಪ್ಪು. ಕೆಲಸದ ಸ್ಥಳ ಮಾತ್ರ ಬದಲಾಗಿದೆ. ಮೂಲ ಪಂಚಾಯತಿಯ ಸಾಲನ್ನು ಹಾಗೆಯೇ ಉಳಿಸಿ ಸ್ಥಳದ ಸಾಲನ್ನು ಮಾತ್ರ ಹೊಸದಾಗಿ ತೆರೆಯಬೇಕು.

ಪಟ್ಟಣ ಪಂಚಾಯತಿಯಾಗಿ ಮೇಲ್ದರ್ಜೆಗೆ: ಗ್ರಾಮ ಪಂಚಾಯತಿಯು ನಗರ ಸ್ಥಳೀಯ ಸಂಸ್ಥೆಯಾದಾಗ ಸಿಬ್ಬಂದಿಯ ವಿಲೀನದ ಪ್ರಶ್ನೆ ಬರುತ್ತದೆ. ಆಗ ಕೇಳಲಾಗುವ ಮೊದಲ ದಾಖಲೆ ಅನುಮೋದನೆಯ ದಿನಾಂಕದ್ದು. ಆ ಸಮಯದಲ್ಲಿ ಹುಡುಕಾಟ ಆರಂಭಿಸಿದರೆ ಕಾಗದ ಸಿಗುವ ಭರವಸೆ ಇರುವುದಿಲ್ಲ.

ಪ್ರಭಾರ: ಪ್ರಭಾರವನ್ನು ದರ್ಜೆಯ ಸಾಲಿನಲ್ಲಿ ಬರೆದರೆ ಬಡ್ತಿ ದೊರೆತಂತೆ ಕಾಣುತ್ತದೆ, ಪ್ರಭಾರ ಮುಗಿದಾಗ ಹಿಂಬಡ್ತಿಯಾದಂತೆ ಕಾಣುತ್ತದೆ. ಎರಡೂ ಸುಳ್ಳು. ಅದಕ್ಕೆ ಪ್ರತ್ಯೇಕ ಜಾಗ ಇರಬೇಕು.

ಪೂರ್ವಾನ್ವಯ ಆದೇಶ: ಇಂದಿನ ಆದೇಶವು ಹಿಂದಿನ ದಿನಾಂಕದಿಂದ ಜಾರಿಯಾಗುವುದುಂಟು. ಆಗ ಆರಂಭದ ದಿನಾಂಕ ಹಿಂದಿನದು, ಆದೇಶದ ದಿನಾಂಕ ಇಂದಿನದು. ಎರಡನ್ನೂ ಸ್ಪಷ್ಟವಾಗಿ ಬರೆದು, ವೇತನದ ಬಾಕಿ ಕುರಿತು ಆದೇಶದಲ್ಲಿ ಏನಿದೆ ಎಂಬುದನ್ನು ಷರಾ ಅಂಕಣದಲ್ಲಿ ನಮೂದಿಸಬೇಕು.

8. ತಪ್ಪು ಕಂಡಾಗ

ತಪ್ಪು ಇರುವುದು ಅವಮಾನವಲ್ಲ. ಕಂಡ ಮೇಲೂ ಬಿಡುವುದು ಅನ್ಯಾಯ. ತಿದ್ದುಪಡಿಯನ್ನು ಮೌಖಿಕ ಸೂಚನೆಯ ಮೇಲೆ ಮಾಡಬಾರದು. ನೌಕರನ ಲಿಖಿತ ಮನವಿ ಅಥವಾ ಕಚೇರಿಯ ಟಿಪ್ಪಣಿ, ಆಧಾರ ದಾಖಲೆಯ ಪ್ರತಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ವರದಿ ಇವುಗಳೊಂದಿಗೆ ತಾಲ್ಲೂಕು ಪಂಚಾಯತಿಯ ಮೂಲಕ ಪ್ರಸ್ತಾವನೆ ಸಲ್ಲಿಸಬೇಕು. ತಿದ್ದಿದ ನಂತರ ಮೊದಲು ಏನಿತ್ತು, ಏನಾಯಿತು, ಯಾವ ಆಧಾರದ ಮೇಲೆ ಎಂಬುದು ಕಡತದಲ್ಲಿ ಉಳಿಯಬೇಕು. ಮೂಲ ಆದೇಶ ಕಳೆದುಹೋಗಿದ್ದರೆ ಆದೇಶ ಹೊರಡಿಸಿದ ಕಚೇರಿಯ ಪ್ರತಿ, ಅಂದಿನ ನಡವಳಿ ಮತ್ತು ವೇತನ ಬಟವಾಡೆ ವಹಿಗಳು ನೆರವಾಗುತ್ತವೆ. ನೆನಪಿನ ಆಧಾರದ ಮೇಲೆ ದಿನಾಂಕ ಸೃಷ್ಟಿಸುವುದು ಎಂದಿಗೂ ಸಲ್ಲದು. ಒಬ್ಬನಿಗೆ ಹೆಚ್ಚಿಗೆ ಕೊಟ್ಟ ಒಂದು ವರ್ಷ ಜ್ಯೇಷ್ಠತಾ ಪಟ್ಟಿಯಲ್ಲಿ ಇನ್ನೊಬ್ಬನಿಂದ ಕಸಿದ ಸ್ಥಾನವಾಗುತ್ತದೆ.

9. ಸದಸ್ಯರು ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

ಮಾನ್ಯ ಸದಸ್ಯರು ಗಣಕಯಂತ್ರವನ್ನು ಮುಟ್ಟಬೇಕಾಗಿಲ್ಲ. ವರ್ಷಕ್ಕೊಮ್ಮೆ, ಜಮಾಬಂದಿಗೆ ಮುಂಚಿನ ಸಾಮಾನ್ಯ ಸಭೆಯಲ್ಲಿ ಸಿಬ್ಬಂದಿಯ ಸೇವಾ ವಿವರದ ಮುದ್ರಿತ ಪ್ರತಿಯನ್ನು ಮಂಡಿಸುವಂತೆ ಕೇಳಿ, ಈ ಪ್ರಶ್ನೆಗಳಿಗೆ ಉತ್ತರ ಪಡೆದರೆ ಸಾಕು.

- ಪಂಚಾಯತಿಯಲ್ಲಿ ದುಡಿಯುತ್ತಿರುವ ಎಲ್ಲರ ಹೆಸರೂ ಪಟ್ಟಿಯಲ್ಲಿದೆಯೇ? ದುಡಿಯದವರ ಹೆಸರು ಇದೆಯೇ?
- ಪ್ರತಿಯೊಬ್ಬರ ನೇಮಕದ ಬಗೆ ಮತ್ತು ಅನುಮೋದನೆಯ ಆದೇಶ ಸಂಖ್ಯೆ ನಮೂದಾಗಿದೆಯೇ?
- ಹಲವರ ನೇಮಕದ ದಿನಾಂಕ ಒಂದೇ ದಿನವಾಗಿದ್ದರೆ, ಅದು ನಮೂದಿನ ದಿನಾಂಕವಲ್ಲವೆಂದು ಖಚಿತಪಡಿಸಲಾಗಿದೆಯೇ?
- ಜನ್ಮ ದಿನಾಂಕಕ್ಕೆ ಆಧಾರ ದಾಖಲೆ ಇದೆಯೇ? ಮುಂದಿನ 2 ವರ್ಷಗಳಲ್ಲಿ ನಿವೃತ್ತರಾಗುವವರು ಯಾರು? ಅವರ ಉಪದಾನಕ್ಕೆ ಸಿದ್ಧತೆ ಆಗಿದೆಯೇ?
- ನಿಧನರಾದ ಅಥವಾ ಕೆಲಸ ಬಿಟ್ಟವರ ಸಾಲು ಮುಕ್ತಾಯಗೊಂಡಿದೆಯೇ?
- ಪ್ರತಿ ನೌಕರನು ತನ್ನ ವಿವರವನ್ನು ಕಂಡು ಸಹಿ ಮಾಡಿದ್ದಾನೆಯೇ?

2005ರ ಮಾಹಿತಿ ಹಕ್ಕು ಅಧಿನಿಯಮದ 4(1)(ಬಿ) ಪ್ರಕರಣದಂತೆ ನೌಕರರ ಪಟ್ಟಿಯನ್ನೂ ಅವರ ಮಾಸಿಕ ಸಂಭಾವನೆಯನ್ನೂ ಸಾರ್ವಜನಿಕ ಪ್ರಾಧಿಕಾರವು ತಾನಾಗಿಯೇ ಪ್ರಕಟಿಸಬೇಕು. ಆದ್ದರಿಂದ ಈ ಪ್ರಶ್ನೆಗಳು ಯಾರ ಅಧಿಕಾರದಲ್ಲಿಯೂ ಹಸ್ತಕ್ಷೇಪವಲ್ಲ. ಆದರೆ ಸಭೆಯಲ್ಲಿ ಹಂಚುವ ಪ್ರತಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಮತ್ತು ವೈದ್ಯಕೀಯ ವಿವರಗಳು ಇರದಂತೆ ನೋಡಿಕೊಳ್ಳಬೇಕು.

ಬೆಳಿಗ್ಗೆ ಐದಕ್ಕೆ ಎದ್ದು ಊರಿನ ತೊಂಬೆಗೆ ನೀರು ಬಿಡುವ ನೀರುಗಂಟಿಗೆ ತನ್ನ ಹೆಸರಿನ ಮುಂದೆ ಯಾವ ದಿನಾಂಕವಿದೆ ಎಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ನಿವೃತ್ತಿಯ ಹಿಂದಿನ ತಿಂಗಳು ತಿಳಿದರೆ ಸರಿಪಡಿಸಲು ಕಾಲ ಉಳಿದಿರುವುದಿಲ್ಲ. ಅಂದು ನಿರ್ಣಯಕ್ಕೆ ಕೈಯೆತ್ತಿದ ಸದಸ್ಯರು, ಅಂದಿನ ಅಧಿಕಾರಿ ಯಾರೂ ಆ ಹೊತ್ತಿಗೆ ಕಚೇರಿಯಲ್ಲಿರುವುದಿಲ್ಲ, ದಾಖಲೆಯೊಂದೇ ಉಳಿದಿರುತ್ತದೆ. ಆದ್ದರಿಂದ ಪ್ರತಿ ಗ್ರಾಮ ಪಂಚಾಯತಿಯು ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ‘ಸಿಬ್ಬಂದಿ ಸೇವಾ ವಿವರಗಳ ಪರಿಶೀಲನೆ’ ಎಂಬ ವಿಷಯವನ್ನು ಸೇರಿಸಿ, ಕಾಗದದ ದಾಖಲೆಗೂ ತಂತ್ರಾಂಶದ ದಾಖಲೆಗೂ ತಾಳೆ ಮಾಡಿ, ಕಂಡ ವ್ಯತ್ಯಾಸಗಳನ್ನು ನಡವಳಿಯಲ್ಲಿ ದಾಖಲಿಸುವುದು ಅಪೇಕ್ಷಣೀಯ.